ಸದ್ದಿಲ್ಲದ ಬಸ್ಸಿನ ಮೇಲೆ ನಾನು ಬರೆದ ಅರ್ಜಿ

ನಮ್ಮೂರಿನಲ್ಲಿ ಯಾರೂ ಬಸ್ಸಿಗಾಗಿ ನಿಂತು ಕಾದವರಲ್ಲ. ಮನೆಯೊಳಗೆ ಕೂತೇ ಕಾಯುತ್ತಿದ್ದೆವು, ಕಿವಿ ಹೊರಗೆ ಬಿಟ್ಟುಕೊಂಡು. ಮಳವಳ್ಳಿಯಿಂದ ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುವ ಬೆಳಗಿನ ಬಸ್ಸು ಮುಖ್ಯ ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಕ್ಕೆ ಬಂದು, ನಮ್ಮೂರಿನ ಜನರನ್ನು ತುಂಬಿಕೊಂಡು, ಬಂದ ದಾರಿಯಲ್ಲೇ ವಾಪಸು ಹೋಗುತ್ತಿತ್ತು. ಊರಿಗೆ ಸ್ವಲ್ಪ ಮೊದಲು ನಾಲೆಯ ಏರಿ. ಅಲ್ಲಿ ಎಂಥ ಡ್ರೈವರ್ ಆದರೂ ಎರಡನೇ ಗೇರಿಗೆ ಇಳಿಸಲೇಬೇಕು. ಆ ಗುರ್ರೆನ್ನುವ ಸದ್ದು ಗದ್ದೆ ಬಯಲು ದಾಟಿ ಹಿತ್ತಿಲಿನ ತನಕ ಬರುತ್ತಿತ್ತು. ಅದು ಕಿವಿಗೆ ಬಿದ್ದ ಮೇಲೆ ತಟ್ಟೆಯಲ್ಲಿ ಉಳಿದ ಮುದ್ದೆ ಮುಗಿಸಿ, ಕೈ ತೊಳೆದು, ಹಸುವಿನ ಮುಂದೆ ಒಂದು ಹಿಡಿ ಹುಲ್ಲು ಎಸೆದು, ಬಾಗಿಲು ಮುಂದಕ್ಕೆಳೆದುಕೊಂಡು ಹೊರಟರೂ ಅರಳಿಕಟ್ಟೆಯ ಹತ್ತಿರ ಬಸ್ಸು ಸಿಗುತ್ತಿತ್ತು. ಮದುವೆಯಾಗಿ ಬಂದ ಸೊಸೆಯರಿಗೆ ಅತ್ತೆಯರು ಮೊದಲ ವಾರದಲ್ಲೇ ಇದನ್ನು ಕಲಿಸುತ್ತಿದ್ದರು. ನನ್ನ ಹೆಂಡತಿ ನಿಡಘಟ್ಟದವಳು. ಅವಳ ತವರಿನ ಮುಂದೆ ಬೆಂಗಳೂರು ಮೈಸೂರು ಬಸ್ಸುಗಳು ಒಂದರ ಹಿಂದೊಂದು ಓಡುತ್ತಿದ್ದುದರಿಂದ, ಈ ವಿದ್ಯೆ ಅವಳ ಕಿವಿಗೆ ಹತ್ತಲು ಒಂದು ವರ್ಷವೇ ಬೇಕಾಯಿತು.

ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೂವತ್ತೊಂದು ವರ್ಷ ನಾನು ಸರ್ಕಾರಿ ಬಸ್ಸುಗಳ ಡಿಪೋ ಒಂದರಲ್ಲಿ ಮೆಕ್ಯಾನಿಕ್ಕಾಗಿದ್ದೆ. ಯಾವ ಡಿಪೋ ಎಂದು ಬರೆಯುವುದಿಲ್ಲ. ಅಲ್ಲಿ ಇನ್ನೂ ಕೆಲಸದಲ್ಲಿರುವ ಗೆಳೆಯನಿಗೆ ತೊಂದರೆಯಾದೀತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕೇಳುವುದು ನಮ್ಮ ಪದ್ಧತಿ. ಒಳಗೆ ಯಾವ ಬೇರಿಂಗು ಸವೆದಿದೆ, ಯಾವುದು ಇನ್ನೊಂದು ತಿಂಗಳು ತಡೆಯುತ್ತದೆ ಎಂದು ಹಾಗೆ ಕೇಳಿಯೇ ಹೇಳುತ್ತಿದ್ದೆ. ಕಿವಿಗೆ ಸಿಗದೆ ಇದ್ದದ್ದನ್ನು ನಾನು ನಂಬಿದವನಲ್ಲ. ಬಾಯಲ್ಲಿ ಹೇಳಿದ್ದನ್ನಂತೂ ಇನ್ನೂ ನಂಬುವುದಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಒಂದೊಂದನ್ನೂ ತಿರುಗಿಸಿ ಹುಳದ ತೂತು ಹುಡುಕುತ್ತೇನೆಂದು ಹೆಂಡತಿ ಆಡಿಕೊಳ್ಳುತ್ತಾಳೆ. ತೂತು ಇರುತ್ತದೆ, ಅದಕ್ಕೇ ಹುಡುಕುತ್ತೇನೆ.

ನಾನು ರಿಟೈರಾದ ಎರಡನೇ ವರ್ಷಕ್ಕೆ ಅವಳ ಕಿಡ್ನಿ ಎರಡೂ ಕೈಕೊಟ್ಟವು. ಸಕ್ಕರೆ ಕಾಯಿಲೆಯಿಂದ ಆದದ್ದು ಎಂದರು ಡಾಕ್ಟರು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಮಂಡ್ಯದ ಆಸ್ಪತ್ರೆಯಲ್ಲಿ ಮೆಷಿನ್ನಿಗೆ ಹಾಕಿ ರಕ್ತ ಶುದ್ಧ ಮಾಡಿಸಬೇಕು. ಎಡಗೈಯಲ್ಲಿ ಎರಡು ದಪ್ಪ ಸೂಜಿ ಚುಚ್ಚುತ್ತಾರೆ, ನಾಲ್ಕು ತಾಸು ಅಲ್ಲಾಡುವಂತಿಲ್ಲ. ದಿನಕ್ಕೆ ಇಷ್ಟೇ ನೀರು ಎಂದು ಲೋಟದಲ್ಲಿ ಅಳೆದು ಕುಡಿಯಬೇಕು. ಬೆಳಗಿನ ಸರದಿ ತಪ್ಪಿದರೆ ಬೇರೆಯವರನ್ನು ಆ ಹಾಸಿಗೆಗೆ ಹಾಕಿಬಿಡುತ್ತಾರೆ. ಹಾಗಾಗಿ ನಮ್ಮ ಮನೆಯ ಮಟ್ಟಿಗೆ ಬೆಳಗಿನ ಬಸ್ಸು ಎಂದರೆ ಅವಳ ಉಸಿರು.

ಹೀಗಿರುವಾಗ ಒಂದು ದಿನ ಡೀಸೆಲ್ ಬಸ್ಸಿನ ಬದಲು ಕರೆಂಟಿನ ಬಸ್ಸು ಬಂತು. ಮೈಮೇಲೆ ದೊಡ್ಡದೊಂದು ಹಸಿರು ಎಲೆಯ ಚಿತ್ರ. ಬಾಗಿಲು ತಾನೇ ತೆರೆದುಕೊಂಡಿತು. ಊರವರು ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಕಾಯಿ ಒಡೆದರು. ಹೆಂಗಸರಿಗೆ ಇದರಲ್ಲೂ ಟಿಕೆಟ್ ದುಡ್ಡಿಲ್ಲವೆಂದು ಕಂಡಕ್ಟರ್ ಹೆಣ್ಣುಮಗಳು ಹೇಳಿದಾಗ ಎಲ್ಲರಿಗೂ ಸಂತೋಷವಾಯಿತು. ನನಗೆ ಆಗಲಿಲ್ಲ. ಇಷ್ಟು ದೊಡ್ಡ ವಸ್ತು ಸದ್ದು ಮಾಡದೆ ನಿಂತಿದೆ ಎಂದರೆ ಏನನ್ನೋ ಮುಚ್ಚಿಡುತ್ತಿದೆ ಎಂದೇ ನನ್ನ ಬುದ್ಧಿಗೆ ಹೊಳೆದದ್ದು. ಮುಂದಿನ ಸಲ ಚೀಲದಲ್ಲಿ ಸ್ಕ್ರೂಡ್ರೈವರ್ ಹಾಕಿಕೊಂಡು ಹೋದೆ. ಹಿಂಭಾಗಕ್ಕೆ ಹೋಗಿ, ತುದಿಯನ್ನು ತಗಡಿಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟೆ. ಎಲ್ಲೋ ದೂರದಲ್ಲಿ ಫ್ಯಾನ್ ತಿರುಗಿದ ಹಾಗೆ ಒಂದು ಸಣ್ಣ ಗುಂಯ್, ಅಷ್ಟೇ. ಬಸ್ಸು ಕೊಟ್ಟ ಕಂಪನಿಯ ಕಡೆಯ ಡ್ರೈವರು ಇಳಿದು ಓಡಿ ಬಂದ.

“ಅಣ್ಣಾ, ಮುಟ್ಬೇಡಿ, ಒಳಗೆ ಭಾರಿ ವೋಲ್ಟೇಜ್ ಇದೆ.”

“ಮೂವತ್ತೊಂದ್ ವರ್ಸ ಬಸ್ ಮುಟ್ಟಿವ್ನಿ ಕಣಪ್ಪ,” ಎಂದೆ.

“ಇದು ಆ ಬಸ್ಸಲ್ಲ ಅಣ್ಣ,” ಎಂದ ಅವನು, ಮರ್ಯಾದೆಯಿಂದಲೇ. ಆ ಮರ್ಯಾದೆ ನನಗೆ ಚುಚ್ಚಿತು.

ಹೆಂಡತಿಗೆ ಮಾತ್ರ ಬಸ್ಸು ತುಂಬ ಹಿಡಿಸಿತು. ಹಳೇ ಬಸ್ಸಿನಲ್ಲಿ ಆಸ್ಪತ್ರೆಯಿಂದ ವಾಪಸು ಬರುವಾಗ ಸೀಟಿನ ನಡುಕಕ್ಕೆ ಸೂಜಿ ಚುಚ್ಚಿದ ಕೈ ನೋಯುತ್ತಿತ್ತು. ಡೀಸೆಲ್ ವಾಸನೆಗೆ ಮದ್ದೂರು ದಾಟುವಷ್ಟರಲ್ಲಿ ಎರಡು ಸಲವಾದರೂ ವಾಂತಿಗೆ ಕಿಟಕಿಯಾಚೆ ತಲೆ ಹಾಕುತ್ತಿದ್ದಳು. ಈಗ ಹಾಗಾಗಲಿಲ್ಲ.

“ಒಟ್ಟೆ ತೊಳಸಲ್ಲ ಕಣ್ರೀ. ಕೈ ಅಲ್ಲಾಡಕಿಲ್ಲ. ತೊಟ್ಲಲ್ಲಿ ಕುಂತಂಗಾಯ್ತದೆ,” ಎಂದಳು.

“ಒಸದ್ರಲ್ಲಿ ಎಲ್ಲಾ ಅಂಗೇ ಇರ್ತದೆ ಕಣಮ್ಮಿ.”

“ನಿಮ್ಗೆ ಸುಕ ಕಂಡ್ರೂ ಅನ್ಮಾನ,” ಎಂದು ಕಿಟಕಿಗೆ ತಲೆ ಒರಗಿಸಿ ನಿದ್ದೆ ಮಾಡಿಬಿಟ್ಟಳು. ಆಸ್ಪತ್ರೆಯಿಂದ ಬರುವಾಗ ಅವಳು ನಿದ್ದೆ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನಾನು ಪಕ್ಕದಲ್ಲಿ ಕೂತು, ಈ ಬಸ್ಸಿಗೆ ಕರೆಂಟು ಎಲ್ಲಿಂದ ಬರುತ್ತದೆ ಎಂದು ಯೋಚಿಸುತ್ತಿದ್ದೆ.

ಅವಳು ಮೆಷಿನ್ನಿನಲ್ಲಿರುವ ನಾಲ್ಕು ತಾಸು ನನಗೆ ಬೇರೆ ಕೆಲಸವಿರುವುದಿಲ್ಲ. ಅಂಥ ಒಂದು ಶುಕ್ರವಾರ ಡಿಪೋಗೆ ಹೋದೆ. ನನ್ನ ಜೊತೆ ಕೆಲಸ ಮಾಡಿದ, ಹೊಳಲು ಗ್ರಾಮದ ಗೆಳೆಯ ನನಗಿಂತ ಚಿಕ್ಕವನು, ಇನ್ನೂ ಸರ್ವೀಸಿನಲ್ಲಿದ್ದಾನೆ. ಗ್ಯಾರೇಜಿನಲ್ಲಿ ಬಸ್ಸಿನ ಅಡಿಗೆ ಇಳಿದು ಕೆಲಸ ಮಾಡುತ್ತಿದ್ದ ನಮ್ಮ ಹಳ್ಳವನ್ನು ತಗಡು ಹಾಕಿ ಮುಚ್ಚಿದ್ದರು. ಅದರ ಮೇಲೆ ಯಾರದೋ ಬೈಕು ನಿಂತಿತ್ತು. ಆಚೆ ಸಾಲಾಗಿ ಕಂಬಗಳು, ಪ್ರತಿ ಕಂಬದಿಂದ ತೋಳಿನ ದಪ್ಪದ ಕೇಬಲ್ಲು, ಕೇಬಲ್ಲಿನ ತುದಿ ಬಸ್ಸಿನ ಹೊಟ್ಟೆಯೊಳಗೆ. ಗೆಳೆಯನ ಖಾಕಿ ಬಟ್ಟೆಯ ಮೇಲೆ ಒಂದು ತೊಟ್ಟು ಎಣ್ಣೆ ಇರಲಿಲ್ಲ. ಅದನ್ನು ನೋಡಿ ನನಗೆ ಅವನ ಬಗ್ಗೆ ಅಯ್ಯೋ ಅನ್ನಿಸಿತು.

“ಏನ್ ಕೆಲ್ಸ ಮಾಡ್ತೀಯ್ಲಾ ಈಗ?” ಎಂದೆ.

“ಉಳಿದಿರೋ ನಾಕ್ ಡೀಸೆಲ್ ಗಾಡಿ ನೋಡ್ಕತೀನಿ. ಇವುನ್ನ ಮುಟ್ಟಂಗಿಲ್ಲ. ಎಲ್ಲಾ ಕಂಪ್ನಿಯೋರೇ. ಡ್ರೈವರ್ರೂ ಅವರ್ದೇ, ರಿಪೇರಿನೂ ಅವರ್ದೇ. ಓಡಿದ್ ಕಿಲೋಮೀಟ್ರಿಗೆ ಇಷ್ಟು ಅಂತ ನಮ್ಮೋರು ಕೊಡ್ತಾರೆ.”

“ಮತ್ತೆ ನಮ್ದೇನು?”

“ಕಂಡಕ್ಟ್ರು ನಮ್ಮೋರು. ಜಾಗ ನಮ್ದು,” ಎಂದು ನಕ್ಕ.

“ಕರೆಂಟ್ ಓದ್ರೆ?”

“ಇಲ್ಗೆ ಬ್ಯಾರೆ ಲೈನ್ ಎಳ್ದವ್ರೆ ಕಣ್ಲಾ. ಇಲ್ಲಿ ಓಗಕಿಲ್ಲ.”

ನಮ್ಮೂರಿನ ಪಂಪ್‌ಸೆಟ್ಟಿಗೆ ಕರೆಂಟು ಬರುವುದು ಪಾಳಿಯ ಮೇಲೆ. ನಾಟಿ ಸಮಯದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಮತ್ತೆ ಕೂರಿಸಲು ಲೈನ್‌ಮನ್ನಿನ ಹಿಂದೆ ಊರೇ ಅಲೆಯಬೇಕು. ಇಲ್ಲಿ ಮಾತ್ರ ಹೋಗುವುದೇ ಇಲ್ಲವಂತೆ. ಎರಡಕ್ಕೂ ಸಂಬಂಧವಿದೆಯೆಂದು ತೋರಿಸುವ ಆಧಾರ ನನ್ನ ಹತ್ತಿರ ಏನೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಸಂಬಂಧವಿಲ್ಲ ಎಂದು ಯಾರೂ ನನಗೆ ತೋರಿಸಿಕೊಟ್ಟಿಲ್ಲ. ಕರೆಂಟು ಆಕಾಶದಿಂದ ಇಳಿಯುವುದಿಲ್ಲವಲ್ಲ. ಎಲ್ಲೋ ಉತ್ತರದ ಕಡೆ ಕಲ್ಲಿದ್ದಲು ಸುಡುತ್ತಾರೆ, ಆ ಊರಿನವರು ಹೊಗೆ ಕುಡಿಯುತ್ತಾರೆ, ನಾವು ಎಲೆಯ ಚಿತ್ರದ ಬಸ್ಸಿನಲ್ಲಿ ಕೂತು ಹೊಗೆಯೇ ಇಲ್ಲ ಎನ್ನುತ್ತೇವೆ. ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅವನು ಟೀ ತರಿಸಿದ.

“ಕೆಟ್ಟೋದ್ ಬ್ಯಾಟ್ರಿ ಎಲ್ಗ್ ಓಯ್ತವ್ಲಾ?” ಎಂದು ಕೇಳಿದೆ.

“ಒಂದೇ ಕೆಟ್ಟಿದ್ದು ಇಲ್ಲೀಗಂಟ. ಕಂಪ್ನಿ ಲಾರಿ ಬಂತು, ತುಂಬ್ಕಂಡ್ ಓಯ್ತು.”

“ಎಲ್ಗೆ?”

“ನಂಗೇನ್ ಗೊತ್ತು? ಗೇಟ್ ದಾಟಿದ್ ಮ್ಯಾಕೆ ನಮ್ದಲ್ಲ ಬುಡು.”

ಆ ಮಾತು ನನಗೆ ಹೊಸದಲ್ಲ. ನಾವೇ ಆಡುತ್ತಿದ್ದ ಹಳೆಯ ಮಾತು. ನಮ್ಮ ಕಾಲದಲ್ಲಿ ಡೀಸೆಲ್ ಬಸ್ಸಿನ ಬ್ಯಾಟರಿಗಳನ್ನು ತೊಳೆದ ಆಸಿಡ್ ನೀರನ್ನು ಡಿಪೋ ಹಿಂದಿನ ಚರಂಡಿಗೆ ಬಿಡುತ್ತಿದ್ದೆವು. ಇಂಜಿನ್ನಿನ ಕರಿ ಆಯಿಲ್ಲೂ ಅಲ್ಲಿಗೇ. ಚರಂಡಿ ಕಾಂಪೌಂಡ್ ದಾಟಿ ಒಬ್ಬರು ರೈತರ ಹೊಲದ ಬದುವಿಗೆ ಹೋಗುತ್ತಿತ್ತು. ಬದುವಿನ ಎರಡು ಹೊಂಗೆ ಮರ ಒಣಗಿದಾಗ ಅವರು ಬಂದು ಕೇಳಿದರು. ಆ ವರ್ಷ ಬಿಸಿಲು ಜಾಸ್ತಿ ಯಜಮಾನ್ರೇ ಎಂದು ಹೇಳಿ ಕಳಿಸಿದವನು ನಾನೇ. ಅವರು ನಂಬಿದರು. ನನ್ನ ಹೆಂಡತಿಯ ಕಿಡ್ನಿ ಹೋದದ್ದಕ್ಕೆ ಸಕ್ಕರೆಯೇ ಕಾರಣ ಎಂದು ಡಾಕ್ಟರು ಹೇಳಿದ್ದನ್ನೂ ನಾನು ಪೂರ್ತಿ ನಂಬಿಲ್ಲ. ಮೂವತ್ತೊಂದು ವರ್ಷ ನನ್ನ ಆಯಿಲ್ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬರಿಗೈಯಲ್ಲಿ ತಿಕ್ಕಿ ಒಗೆದವಳು ಅವಳು. ಕೇಳಿದರೆ ಡಾಕ್ಟರು ನಗುತ್ತಾರೆಂದು ಕೇಳಿಲ್ಲ. ಹಾಗಾಗಿ ಬ್ಯಾಟರಿಯ ಲಾರಿ ಎಲ್ಲಿಗೆ ಹೋಯಿತು ಎಂದು ನಾನು ಕೇಳುವುದು ತಿಳಿಯದೆ ಕೇಳುವ ಪ್ರಶ್ನೆಯಲ್ಲ. ಅಂಥ ಲಾರಿಗಳು ಯಾರದಾದರೂ ಹೊಲದ ಬದುವಿಗೇ ಹೋಗುತ್ತವೆ ಎಂದು ನನ್ನ ಕೈಗೇ ಗೊತ್ತು.

ಇಷ್ಟೆಲ್ಲ ಯೋಚಿಸುವ ಗಂಡಸು ಬಸ್ಸು ಹಿಡಿಯುವುದರಲ್ಲಿ ಮಾತ್ರ ತಪ್ಪಿದ.

ಹೊಸ ಬಸ್ಸು ಬಂದ ಮೊದಲ ವಾರವೇ ಊರಿನ ಅರ್ಧ ಜನ ಅದನ್ನು ತಪ್ಪಿಸಿಕೊಂಡಿದ್ದರು. ಕಾಲೇಜಿನ ಹುಡುಗಿಯರು, ವಿ.ಸಿ. ಫಾರಂನ ಕೃಷಿ ಕೇಂದ್ರಕ್ಕೆ ಕೂಲಿಗೆ ಹೋಗುವ ಹೆಂಗಸರು, ಎಲ್ಲರೂ ಮನೆಯಲ್ಲಿ ಕೂತು ಗೇರಿನ ಸದ್ದು ಕಾದದ್ದೇ ಕಾದದ್ದು. ಬಸ್ಸು ಕಳ್ಳನ ಹಾಗೆ ಬಂದು ಹೋಗಿತ್ತು. ಆಮೇಲೆ ಜನ ಬುದ್ಧಿ ಕಲಿತು, ಕಾಲು ಗಂಟೆ ಮುಂಚೆ ಅರಳಿಕಟ್ಟೆಗೆ ಹೋಗಿ ಕೂರತೊಡಗಿದರು. ನಾವೂ ಹಾಗೇ ಕೂರುತ್ತಿದ್ದೆವು. ಆದರೆ ನನಗೆ ಅದು ಸೋತ ಹಾಗೆ ಅನ್ನಿಸುತ್ತಿತ್ತು. ಇಂಜಿನ್ ಇಲ್ಲದಿದ್ದರೇನು, ಅಷ್ಟು ತೂಕದ ಗಾಡಿಯ ಟೈರಿಗಾದರೂ ಸದ್ದು ಇರಲೇಬೇಕು ಎಂದು ಲೆಕ್ಕ ಹಾಕಿ, ಕಟ್ಟೆಯ ಮೇಲೆ ಕೂತು ಕಿವಿಯನ್ನು ತಯಾರು ಮಾಡಿದೆ. ಒಂದೆರಡು ದಿನ ಏರಿಯ ಮೇಲೆ ಟೈರು ಜಲ್ಲಿ ತುಳಿದ ಸದ್ದು ನಿಜವಾಗಿಯೂ ಸಿಕ್ಕಿತು. ಸಾಕಲ್ಲ, ಸೊಕ್ಕು ತಲೆಗೇರಿತು.

ಆ ಶುಕ್ರವಾರ ಬೆಳಿಗ್ಗೆ ಚಳಿ ಇತ್ತು. ಹೆಂಡತಿ ಆಧಾರ್ ಕಾರ್ಡು, ಆಸ್ಪತ್ರೆ ಪುಸ್ತಕ, ಅಳತೆಯ ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡು ಬಾಗಿಲಿಗೆ ಬಂದಳು.

“ಓಗಿ ಕಟ್ಟೆ ಮ್ಯಾಲೆ ಕುಂತ್ಕಳನ ಬನ್ನಿ.”

“ಕೂತ್ಕಮ್ಮಿ, ಅಲ್ಲಿ ಚಳಿ. ಸದ್ದಾದ್ ಮ್ಯಾಕೆ ಓಗನ.”

“ಅದ್ಕೆ ಸದ್ದೇ ಇಲ್ವಲ್ಲ?”

“ನನ್ ಕಿವಿ ಅದೆಯಲ್ಲ, ನಿಂಗ್ಯಾಕೆ?”

ಕೂತಳು. ಆ ತಿಂಗಳು ನಾಲೆಗೂ ಊರಿಗೂ ನಡುವೆ ಕಬ್ಬು ಆಳೆತ್ತರ ಬೆಳೆದು ನಿಂತಿದ್ದುದು ನನ್ನ ತಲೆಗೆ ಬರಲಿಲ್ಲ. ಕಬ್ಬು ಸದ್ದನ್ನು ನುಂಗಿತು. ನಾನು ಕಿವಿ ಚೂಪು ಮಾಡಿಕೊಂಡು ಜಗಲಿಯಲ್ಲೇ ಇದ್ದೆ. ಕಟ್ಟೆಯ ಕಡೆಯಿಂದ ವಾಪಸು ಬರುತ್ತಿದ್ದ ಪಕ್ಕದ ಮನೆಯ ಹೆಂಗಸು ನಮ್ಮನ್ನು ನೋಡಿ ನಿಂತರು.

“ಅಯ್ಯೋ, ಇಲ್ಲೇ ಇದ್ದೀರಾ! ಬಸ್ಸು ಆಗ್ಲೇ ಓಯ್ತಲ್ಲಣ್ಣ.”

ಆಟೋ ಹಿಡಿದು ಮದ್ದೂರಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮಂಡ್ಯಕ್ಕೆ. ಅಷ್ಟರಲ್ಲಿ ಅವಳ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಸಾಯಂಕಾಲದ ತನಕ ಬೆಂಚಿನ ಮೇಲೆ ಕೂರಿಸಿ, ಕೊನೆಗೆ ಎರಡು ತಾಸು ಮಾತ್ರ ಮೆಷಿನ್ನಿಗೆ ಹಾಕಿದರು. ಶನಿವಾರ ಭಾನುವಾರ ಅವಳ ಮುಖ ಊದಿಕೊಂಡಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ಇದ್ದಳು. ನಾನು ಅವಳ ಪಕ್ಕ ಕೂತು ಬಸ್ಸನ್ನು ಬೈದೆ. ನನ್ನನ್ನು ಬೈದುಕೊಳ್ಳಬೇಕಾಗಿತ್ತು. ಅದು ಗೊತ್ತಿದ್ದೇ ಬಸ್ಸನ್ನು ಇನ್ನೂ ಜೋರಾಗಿ ಬೈದೆ.

ಸೋಮವಾರ ಕೂತು ಡಿಪೋ ಮ್ಯಾನೇಜರಿಗೆ ಅರ್ಜಿ ಬರೆದೆ. ಸದ್ದಿಲ್ಲದ ಬಸ್ಸಿನಿಂದ ಮುದುಕರಿಗೆ, ದನಕರುಗಳಿಗೆ ಅಪಾಯ. ಕರೆಂಟಿನ ಮೂಲ ಕಲ್ಲಿದ್ದಲು. ಬ್ಯಾಟರಿ ಎಲ್ಲಿಗೆ ಹೋಗುತ್ತದೆಂದು ಯಾರಿಗೂ ತಿಳಿಯದು. ಇಷ್ಟು ಸಾಲದೆಂದು ಇನ್ನೊಂದು ಸೇರಿಸಿದೆ: ಈ ಬಸ್ಸು ಡೀಸೆಲ್ ಬಸ್ಸಿಗಿಂತ ಬಹಳ ತೂಕವಿರುವುದರಿಂದ ನಾಲೆ ದಾಟುವ ಮೋರಿ ಬಿರುಕು ಬಿಟ್ಟಿದೆ, ಯಾವಾಗ ಬೇಕಾದರೂ ಕುಸಿಯಬಹುದು. ಬಿರುಕು ಇದ್ದದ್ದು ನಿಜ. ಅದು ಕಬ್ಬಿನ ಲಾರಿಗಳ ಕಾಲದ್ದು, ನನಗೂ ಗೊತ್ತಿತ್ತು. ಇನ್ನು ಕೊನೆಯ ಸಾಲು. ಮ್ಯಾನೇಜರುಗಳು ಅರ್ಜಿಯಲ್ಲಿ ಓದುವುದು ಕೊನೆಯ ಸಾಲನ್ನು ಮಾತ್ರ ಎಂದು ಮೂವತ್ತೊಂದು ವರ್ಷ ನೋಡಿದ್ದೇನೆ. ಅದಕ್ಕೇ ಜೋರನ್ನೆಲ್ಲ ಅಲ್ಲಿಟ್ಟೆ: “ಆದ್ದರಿಂದ ಸದರಿ ಬಸ್ಸನ್ನು ನಮ್ಮ ಗ್ರಾಮದ ಮೂಲಕ ಓಡಿಸಕೂಡದು, ಹಿಂದಿನಂತೆ ಡೀಸೆಲ್ ಬಸ್ಸನ್ನೇ ಓಡಿಸಬೇಕಾಗಿ ವಿನಂತಿ.”

ಮೊದಲ ಸಹಿ ರೋಗಿಯದೇ ಆದರೆ ತೂಕ ಜಾಸ್ತಿ ಎಂದು ಕಾಗದವನ್ನು ಹೆಂಡತಿಯ ಮುಂದೆ ಹಿಡಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು.

“ಏನಿದು?”

“ಬಸ್ಸಿನ್ ಇಸ್ಯ ಕಣಮ್ಮಿ. ಸೈನ್ ಆಕು.”

ಸೆರಗಿಗೆ ಕೈ ಒರೆಸಿಕೊಂಡು, ನಾಲ್ಕನೇ ಕ್ಲಾಸಿನ ತನಕ ಓದಿದ ದಪ್ಪ ಅಕ್ಷರದಲ್ಲಿ ಸಹಿ ಹಾಕಿದಳು. ಆಮೇಲೆ ಊರೆಲ್ಲ ತಿರುಗಿ ಇನ್ನೂ ಹಲವರ ಸಹಿ ಮಾಡಿಸಿದೆ. ಬಸ್ಸು ತಪ್ಪಿಸಿಕೊಂಡ ಸಿಟ್ಟು ಎಲ್ಲರಿಗೂ ಇತ್ತು. ಯಾರೂ ಓದಲಿಲ್ಲ; ಡಿಪೋದಲ್ಲಿ ಕೆಲಸ ಮಾಡಿದವನು ಬರೆದಿದ್ದಾನೆಂದು ನಂಬಿ ಹಾಕಿದರು.

ಜೀವನದಲ್ಲಿ ನಾನು ಬರೆದ ಯಾವ ಕಾಗದಕ್ಕೂ ಅಷ್ಟು ಬೇಗ ಕೆಲಸವಾದದ್ದಿಲ್ಲ. ಹದಿನೈದು ದಿನ ಕಳೆಯುವುದರೊಳಗೆ ಒಂದು ಮಂಗಳವಾರ ನಾವು ಕಟ್ಟೆಯ ಮೇಲೆ ಕೂತೇ ಇದ್ದೆವು, ಬಸ್ಸು ಬರಲಿಲ್ಲ. ಅವತ್ತು ಪಕ್ಕದ ಮನೆಯವರ ಹಾಲಿನ ಗೂಡ್ಸ್ ಆಟೋದಲ್ಲಿ, ಕ್ಯಾನುಗಳ ನಡುವೆ ಅವಳನ್ನು ಕೂರಿಸಿ ಮುಖ್ಯ ರಸ್ತೆಗೆ ಕರೆದುಕೊಂಡು ಹೋದೆ. ಹಸಿರು ಎಲೆಯ ಬಸ್ಸು ಅಲ್ಲಿ ಮಳವಳ್ಳಿಯಿಂದ ಬಂದು, ನಮ್ಮನ್ನು ಹತ್ತಿಸಿಕೊಂಡು ನೆಟ್ಟಗೆ ಮದ್ದೂರಿಗೆ ಹೊರಟಿತು. ಅವಳು ಮೆಷಿನ್ನಿನಲ್ಲಿದ್ದಾಗ ನಾನು ಡಿಪೋಗೆ ನುಗ್ಗಿದೆ.

ಮ್ಯಾನೇಜರ್ ಹೊಸಬರು, ವಯಸ್ಸಿನಲ್ಲಿ ಚಿಕ್ಕವರು. ಕೂರಿಸಿದರು, ಫೈಲು ತರಿಸಿದರು. ನನ್ನ ಅರ್ಜಿಯ ಕೊನೆಯ ಸಾಲಿನ ಕೆಳಗೆ ಕೆಂಪು ಇಂಕಿನ ಗೆರೆ ಇತ್ತು.

“ನೋಡಿ ಯಜಮಾನ್ರೇ, ಊರಿನೋರೇ ಬೇಡ ಅಂದಿದ್ದೀರಿ. ಮೋರಿ ಕುಸಿಯುತ್ತೆ ಅಂತ ಬೇರೆ ಬರೆದಿದ್ದೀರಿ. ಅದೂ ಮೆಕ್ಯಾನಿಕ್ ಆಗಿದ್ದೋರು. ಆಮೇಲೂ ಓಡಿಸಿ ಏನಾದ್ರೂ ಆದ್ರೆ ನಾನು ಜವಾಬ್ದಾರಿ ಅಲ್ವಾ?”

“ಡೀಸೆಲ್ ಬಸ್ಸು ಬಿಡಿ ಅಂತಾನೂ ಬರ್ದಿವ್ನಲ್ಲ ಸ್ವಾಮಿ?”

“ನಿಮ್ಮ ಸಾಲಿನ ಮೊದಲನೇ ಅರ್ಧ ನನ್ನ ಕೈಯಲ್ಲಿತ್ತು, ಮಾಡಿದೆ. ಎರಡನೇ ಅರ್ಧ ನನ್ನ ಕೈಯಲ್ಲಿಲ್ಲ. ಡೀಸೆಲ್ ಗಾಡಿಗಳು ಒಂದೊಂದೇ ಗುಜರಿಗೆ ಹೋಗ್ತಿವೆ.”

ಕೆಂಪು ಗೆರೆಯ ಕೆಳಗೆ, ಎಲ್ಲ ಸಹಿಗಳಿಗಿಂತ ಮೇಲೆ, ಅವಳ ದಪ್ಪ ಅಕ್ಷರ ಇತ್ತು. ನನಗೆ ಅದನ್ನು ನೋಡಲಾಗಲಿಲ್ಲ. ಹೊರಗೆ ಗೆಳೆಯ ಕಾಯುತ್ತಿದ್ದ.

“ಒಳಗಡೆ ಊರುಗಳ್ಗೆ ಓಗಕೆ ಅವರ್ಗೆ ಮೊದ್ಲಿಂದ್ಲೂ ಇಷ್ಟ ಇರ್ನಿಲ್ಲ ಕಣ್ಲಾ,” ಎಂದ. “ಜನ ಕಮ್ಮಿ, ರಸ್ತೆ ಕೆಟ್ಟದ್ದು, ಸಂಜೆ ಒತ್ಗೆ ಚಾರ್ಜ್ ಸಾಲಕಿಲ್ಲ. ಬುಡಕೆ ಒಂದ್ ನೆಪ ಬೇಕಾಗಿತ್ತು. ನೀನೇ ಬರ್ದ್ ಕೊಟ್ಬುಟ್ಟೆ.”

ನನ್ನ ಅನುಮಾನ ಸುಳ್ಳಾಗಿರಲಿಲ್ಲ, ನೋಡಿ. ಈ ಬಸ್ಸಿನ ಖರ್ಚನ್ನು ಒಳ ಊರಿನವರು ತೆರುತ್ತಾರೆ ಎಂದು ನಾನು ಮೊದಲೇ ಅಂದುಕೊಂಡಿದ್ದೆ. ಅದನ್ನು ನಮ್ಮ ಮನೆಯಿಂದಲೇ, ನನ್ನ ಕೈಯಿಂದಲೇ ಶುರು ಮಾಡಿಸುತ್ತಾರೆಂದು ಮಾತ್ರ ಅಂದುಕೊಂಡಿರಲಿಲ್ಲ.

ಹೆಂಡತಿಗೆ ಹೇಳಲಿಲ್ಲ. ರಸ್ತೆ ರಿಪೇರಿ ಇದೆಯಂತೆ, ಬರುತ್ತದಂತೆ ಎಂದೆ. ಹೋಗುವಾಗ ಹಾಲಿನ ಆಟೋ ಸಿಗುತ್ತಿತ್ತು. ಬರುವಾಗ, ಹಿಂದಿನ ಸಂಜೆಯೇ ಮುಖ್ಯ ರಸ್ತೆಯ ಅಂಗಡಿಯ ಹತ್ತಿರ ಬಿಟ್ಟು ಬಂದಿದ್ದ ನನ್ನ ಹಳೇ ಸ್ಕೂಟರಿನಲ್ಲಿ ಅವಳನ್ನು ಕೂರಿಸಿಕೊಳ್ಳುತ್ತಿದ್ದೆ. ಎಡಗೈಯಲ್ಲಿ ಏನನ್ನೂ ಹಿಡಿಯುವಂತಿಲ್ಲ. ಬಲಗೈಯಿಂದ ನನ್ನ ಅಂಗಿಯನ್ನು ಮುಷ್ಟಿ ಕಟ್ಟಿ ಹಿಡಿಯುತ್ತಿದ್ದಳು. ಗುಂಡಿ ಬಂದಾಗೆಲ್ಲ ಅವಳ ಬಾಯಿಂದ ಸಣ್ಣಗೆ ಒಂದು ಸದ್ದು ಬರುತ್ತಿತ್ತು. ಈಗ ನನ್ನ ಕಿವಿ ಅದನ್ನು ಒಂದೂ ಬಿಡದೆ ಕೇಳಿಸಿಕೊಳ್ಳುತ್ತಿತ್ತು.

ಮೂರು ವಾರ ಹೀಗೆ ನಡೆಯಿತು. ಒಂದು ಶುಕ್ರವಾರ ಮುಖ್ಯ ರಸ್ತೆಯಲ್ಲಿ ಬಸ್ಸು ಹತ್ತಿ ಕೂತಾಗ, ಕಂಡಕ್ಟರ್ ಹೆಣ್ಣುಮಗಳು ನನಗೆ ಟಿಕೆಟ್ ಕೊಡುತ್ತಾ ಹೆಂಡತಿಯನ್ನು ಮರುಕದಿಂದ ಕೇಳಿದಳು.

“ಇಷ್ಟ್ ಕಷ್ಟ ಪಟ್ಕಂಡ್ ಬತ್ತೀರಲ್ಲವ್ವ, ಮತ್ಯಾಕೆ ಬಸ್ ಬ್ಯಾಡ ಅಂತ ಬರ್ಕೊಟ್ರಿ?”

“ನಾನಾ?” ಎಂದಳು ಹೆಂಡತಿ. “ನಾನ್ಯಾಕವ್ವ ಬ್ಯಾಡ ಅನ್ಲಿ?”

“ನಿಮ್ದೇ ಮೊದ್ಲು ಸೈನಂತೆ. ಡಿಪೋದಲ್ಲಿ ಏಳುದ್ರು.”

ಹೆಂಡತಿ ನನ್ನ ಕಡೆ ತಿರುಗಿ ನೋಡಲಿಲ್ಲ. ಮಂಡ್ಯ ಬರುವ ತನಕ ಕಿಟಕಿಯಾಚೆಗೇ ನೋಡಿದಳು. ಅವತ್ತು ವಾಪಸು ಬರುವಾಗಲೂ ನಿದ್ದೆ ಮಾಡಲಿಲ್ಲ. ಸ್ಕೂಟರು ನಾಲೆಯ ಹತ್ತಿರ ಬಂದಾಗ, ತಲೆ ಸುತ್ತುತ್ತದೆ ನಿಲ್ಲಿಸಿ ಎಂದು ಇಳಿದು ಮೋರಿಯ ಕಟ್ಟೆಯ ಮೇಲೆ ಕೂತಳು. ನಾನು ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಬಸ್ಸು ತಪ್ಪಿದ್ದು ನನ್ನ ಕಿವಿಯ ಸೊಕ್ಕಿನಿಂದ ಎಂದೂ ಹೇಳಿದೆ. ಅವಳು ಕೇಳಿಸಿಕೊಂಡು, ಬಗ್ಗಿ ಮೋರಿಯನ್ನು ನೋಡಿದಳು.

“ಎಲ್ಲಿ ಬಿರುಕು?”

ತೋರಿಸಿದೆ.

“ಇದಾ? ನಮ್ ಮದ್ವೆಯಾದ್ ವರ್ಸಾನೂ ಇತ್ತಲ್ಲ ಇದು. ಕಬ್ಬಿನ್ ಲಾರಿ ಬಾರಕ್ಕೆ ಬಿಟ್ಟಿದ್ದು ಅಂತ ನೀವೇ ತೋರ್ಸಿದ್ರಿ.”

ಅವಳು ಬೈಯಲಿ ಎಂದು ಕಾದೆ. ಬೈಯಲಿಲ್ಲ. ಎದ್ದು ಸ್ಕೂಟರ್ ಹತ್ತಿದಳು. ನನ್ನ ಅಂಗಿಯನ್ನು ಹಿಡಿಯಲಿಲ್ಲ, ಸೀಟಿನ ಹಿಂದಿನ ಕಂಬಿಯನ್ನು ಹಿಡಿದಳು.

ಮಾರನೆಯ ಬೆಳಿಗ್ಗೆ ಜಗಲಿಯ ಮೇಲೆ ಕೂತು ಎರಡನೇ ಅರ್ಜಿ ಬರೆದೆ. ಬಸ್ಸು ಬೇಕು ಎಂದು ಬರೆದೆ. ಆದರೆ ಕೈ ಸುಮ್ಮನಿರಬೇಕಲ್ಲ, ಬ್ಯಾಟರಿಯ ವಿಷಯ, ಪಂಪ್‌ಸೆಟ್ಟಿನ ವಿಷಯ, ಡ್ರೈವರುಗಳ ಕೆಲಸದ ವಿಷಯ, ಎಲ್ಲವೂ ಬಂದು ಕೂತವು. ಒಂದೂವರೆ ಪುಟವಾಯಿತು. ಅವಳನ್ನು ಕರೆದು ಪೆನ್ನು ಕೊಟ್ಟೆ. ಅವಳು ಪೆನ್ನು ಮುಟ್ಟಲಿಲ್ಲ.

“ಓದಿ,” ಎಂದಳು.

ಓದಿದೆ. ಕೊನೆಯ ತನಕ ನಿಂತೇ ಕೇಳಿದಳು.

“ಬ್ಯಾಟ್ರಿ ಇಸ್ಯ ಯಾಕೆ ಇದ್ರಲ್ಲಿ?”

“ಅದೂ ದಿಟ ಅಲ್ವೇನಮ್ಮಿ?”

“ದಿಟ ಇರ್ಬೌದು. ಅದ್ಕೆ ಬ್ಯಾರೆ ಅರ್ಜಿ ಬರೀರಿ, ನಿಮ್ ಎಸ್ರಲ್ಲಿ. ನನ್ ಎಸ್ರಲ್ಲಿ ಬಸ್ ಕೇಳಿ.”

ಹಾಳೆ ಹರಿದು ಹೊಸದಾಗಿ ಬರೆದೆ. ನಾಲ್ಕೇ ಸಾಲು. ಮೋರಿಯ ಬಿರುಕು ಹಳೆಯದು, ಹಿಂದಿನ ಅರ್ಜಿಯಲ್ಲಿ ತಪ್ಪಾಗಿ ಬರೆದಿದ್ದೇನೆ, ತಪ್ಪು ನನ್ನದು, ಬೆಳಗಿನ ಬಸ್ಸು ನಮ್ಮೂರಿಗೆ ಬರಬೇಕು. ಆ ಅರ್ಜಿ ಕೊಟ್ಟು ತಿಂಗಳುಗಳಾದವು. ಪರಿಶೀಲನೆಯಲ್ಲಿದೆ ಎಂದು ಮ್ಯಾನೇಜರ್ ಹೇಳುತ್ತಾರೆ, ಕೆಂಪು ಗೆರೆ ಇನ್ನೂ ಬಿದ್ದಿಲ್ಲ ಎಂದು ಗೆಳೆಯ ಹೇಳುತ್ತಾನೆ. ವಾರಕ್ಕೆ ಎರಡು ದಿನ ನಾವು ಹಾಲಿನ ಕ್ಯಾನುಗಳ ನಡುವೆಯೇ ಹೋಗುತ್ತಿದ್ದೇವೆ. ಬ್ಯಾಟರಿಯ ಬೇರೆ ಅರ್ಜಿಯನ್ನೂ ನಾನು ಬರೆದು ಇಟ್ಟಿದ್ದೇನೆ. ಕಳಿಸುವ ಧೈರ್ಯ ಬಂದಿಲ್ಲ. ಅದರ ಯಾವ ಸಾಲಿಗೆ ಯಾರ ಬಸ್ಸು ನಿಲ್ಲುತ್ತದೋ ಎಂಬ ಭಯ.

ಬಸ್ಸಿನ ಅರ್ಜಿ ಬರೆದ ಆ ಬೆಳಿಗ್ಗೆ, ನಾಲ್ಕು ಸಾಲು ಓದಿ ಮುಗಿಸಿ ಪೆನ್ನು ಕೊಟ್ಟಾಗ, “ಇನ್ನೊಂದ್ ಸಲ ಓದಿ,” ಎಂದಳು. ಓದಿದೆ. ಆಮೇಲೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಜಗಲಿಯ ಅಂಚಿನ ಬೆಳಕಿಗೆ ಹೋದಳು. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ನಿಧಾನವಾಗಿ ತಾನೇ ಓದತೊಡಗಿದಳು. ಅರ್ಥವಾಗಲಿಲ್ಲವೇನೋ ಎಂದು ನಾನು ಸಹಾಯಕ್ಕೆ ಎದ್ದೆ. ಆಮೇಲೆ ತಿಳಿಯಿತು, ನಾನು ಬಾಯಲ್ಲಿ ಓದಿದ್ದೂ ಕಾಗದದಲ್ಲಿ ಬರೆದದ್ದೂ ಒಂದೇನಾ ಎಂದು ನೋಡುತ್ತಿದ್ದಾಳೆ. ಕೊನೆಯ ಸಾಲನ್ನು ಎರಡು ಸಲ ನೋಡಿದಳು. ಆಮೇಲೆ ಸಹಿ ಹಾಕಿದಳು.

ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ನನ್ನ ಮೇಲೆ ಅವಳು ಪಟ್ಟ ಮೊದಲ ಅನುಮಾನ ಅದು. ಸಹಾಯಕ್ಕೆ ಎದ್ದಿದ್ದವನು ಮತ್ತೆ ಕೂತು, ಅವಳು ಓದಿ ಮುಗಿಸುವ ತನಕ ಕಾದಿದ್ದೆ.